ಬ್ರಿಜ್ಜಿನ ಕೆಳಗಿನ ಗದಿಗೆಪ್ಪ

ಮಾಟುಂಗ ಸ್ಟೇಷನ್ನಿನ ಬ್ರಿಜ್ಜು ಇಳಿಯುವಲ್ಲಿ, ಮೆಟ್ಟಿಲುಗಳ ಅಡಿಯಲ್ಲಿ ಮೂಲೆಯಾಗಿ ಉಳಿದ ಜಾಗದಲ್ಲಿ ಗದಿಗೆಪ್ಪ ಕೂರುತ್ತಿದ್ದರು. ನೆತ್ತಿಯ ಮೇಲೆ ಮೆಟ್ಟಿಲು, ಬೆನ್ನಿಗೆ ತಗಡಿನ ಗೋಡೆ, ಮುಂದೆ ಒಂದು ಸವೆದ ಕಲ್ಲು, ಡಬ್ಬಿಯಲ್ಲಿ ನೀರು. ಅಥಣಿ ಕಡೆಯವರು. ಚಪ್ಪಲಿ ಹೊಲಿಯುವುದು ಅವರ ಅಪ್ಪ ಅಜ್ಜಂದಿರ ಕಾಲದಿಂದ ಬಂದ ಕೆಲಸ. ಆಗ ಎಲ್ಲರೂ ಅವರನ್ನು "ಏ ಗದಿಗೆಪ್ಪಾ" ಎಂದು ಏಕವಚನದಲ್ಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದವಳು. ಈಗ ಬರೆಯುವಾಗ ಅವರು ಎನ್ನುತ್ತೇನೆ. ಮೂಗು ಮುರಿಯುವವರು ಮುರಿದುಕೊಳ್ಳಲಿ. ನನಗೆ ಎಪ್ಪತ್ತು ದಾಟಿತು, ಇನ್ನು ಯಾರ ಮುಲಾಜು?

ಅವರಿಗೆ ಜನರ ಮುಖ ನೆನಪಿರುತ್ತಿರಲಿಲ್ಲ. ತಲೆಯ ಮೇಲೆ ಇಳಿದು ಹೋಗುವ ಹೆಜ್ಜೆ ಕೇಳಿಯೇ ಗುರುತು ಹಿಡಿಯುತ್ತಿದ್ದರು. "ಈಗ ಇಳದವ್ರು ಪೋಸ್ಟಾಫೀಸಿನವ್ರು. ಎಡಗಾಲಿನ ಹಿಮ್ಮಡಿ ಸವದೈತಿ. ನಾಳೆ ನಾಡದ ಬರ್ತಾರ ನೋಡ್ರಿ" ಎನ್ನುತ್ತಿದ್ದರು. ನಾಡಿದ್ದು ಆ ಮನುಷ್ಯ ಹಿಮ್ಮಡಿ ಸವೆದ ಚಪ್ಪಲಿ ಹಿಡಿದುಕೊಂಡು ಬಂದೇ ಬರುತ್ತಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಸಾವಿರಾರು ಹೆಜ್ಜೆ ಅವರ ನೆತ್ತಿಯ ಮೇಲೆ ನಡೆಯುತ್ತಿದ್ದವು. ಅವುಗಳಲ್ಲಿ ಒಂದು ಹೆಜ್ಜೆ ಮಾತ್ರ ನಿಂತು ಹೋದ ಮೇಲೂ ಅವರಿಗೆ ಕೇಳುತ್ತಲೇ ಇತ್ತು. ಅದು ನನ್ನ ಅಕ್ಕ ವಿನೋದಿನಿಯದು.

ನಾನು ವಾರಿಜಾ. ನಮ್ಮ ಮನೆಮಾತು ತುಳು, ಅಪ್ಪ ಅಮ್ಮ ಮುಲುಂಡಿನಲ್ಲಿದ್ದರು. ಅಕ್ಕನನ್ನು ಮಾಟುಂಗದ ರಮಾನಾಥರಿಗೆ ಕೊಟ್ಟಿದ್ದರು. ಅವರು ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಮನೆ ಸಾಲುಕೋಣೆಗಳ ಚಾಳಿನ ಮೂರನೇ ಮಾಳಿಗೆಯಲ್ಲಿ, ಹತ್ತಲು ಮರದ ಮೆಟ್ಟಿಲು. ಅಕ್ಕನಿಗೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಎಲುಬು ಹೊರಗೆ ಉಬ್ಬಿ, ಬೆರಳು ಪಕ್ಕದ ಬೆರಳಿನ ಮೇಲೆ ವಾಲಿತ್ತು. ಎಡಗಾಲನ್ನು ಟಪ್ಪೆಂದು ಊರಿ, ಬಲಗಾಲನ್ನು ಸರ್ರೆಂದು ಎಳೆದು ಹತ್ತುತ್ತಿದ್ದಳು. ಟಪ್, ಸರ್ರ್. ಟಪ್, ಸರ್ರ್. ಮೂರು ಮಾಳಿಗೆಗೂ ಗೊತ್ತು, ವಿನೋದಿನಿ ಬಂದಳು ಅಂತ.

ಐವತ್ತೆರಡರ ಮಳೆಗಾಲದಲ್ಲಿ ನನಗೆ ವಿಷಮಜ್ವರ ಬಂದು ಮುಲುಂಡಿನಲ್ಲಿ ಮಲಗಿದ್ದೆ. ನನ್ನನ್ನು ನೋಡಲು ಹೊರಟ ಅಕ್ಕ ಹೊರಡುತ್ತಿದ್ದ ಲೋಕಲ್ ರೈಲಿಗೆ ಓಡಿದಳಂತೆ. ಚಪ್ಪಲಿ ಜಾರಿತೋ, ಜನ ನೂಕಿದರೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವೆ ಬಿದ್ದಳು. ನನಗೆ ಜ್ವರ ಬಿಟ್ಟಾಗ ಅಮ್ಮ ಗಂಜಿ ತಂದಿಟ್ಟು, ಮುಖ ಗೋಡೆಗೆ ಮಾಡಿ ಹೇಳಿದರು. ನನ್ನಿಂದಲೇ ಹೋದಳು ಎಂದು ನನಗೆ ಯಾರೂ ಹೇಳಲಿಲ್ಲ, ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಮರುವರ್ಷ ಹಿರಿಯರು ಕೂತು ಮಾತಾಡಿ ನನ್ನನ್ನೇ ಭಾವನಿಗೆ ಕೊಟ್ಟರು. ನನ್ನನ್ನು ಕೇಳಿದವರಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯನ್ನು ಕೇಳುವುದೆಂತ! ಅಕ್ಕನ ಮನೆ, ಅಕ್ಕನ ಪಾತ್ರೆ, ಅಕ್ಕನ ಕಪಾಟು. ಕಪಾಟಿನ ಕೆಳಗಿನ ಖಾನೆಯಲ್ಲಿ ಅಕ್ಕನ ಒಂದು ಜೊತೆ ಚಪ್ಪಲಿ ಇತ್ತು, ಕೆಂಪು ದಾರದ ಹೂವಿನದು. ಅವಳು ಸಾಯುವ ತಿಂಗಳ ಹಿಂದೆ ಭಾವ ಅಂಥವೇ ಎರಡು ಜೊತೆ ಹೊಲಿಸಿದ್ದರಂತೆ. ಒಂದನ್ನು ಮೆಟ್ಟಿಕೊಂಡು ಹೋದಳು. ಇನ್ನೊಂದು ಅವಳ ಕಾಲನ್ನೇ ಕಂಡಿರಲಿಲ್ಲ.

"ಹೊಸತೇ ಉಂಟಲ್ಲ, ಬಿಸಾಡ್ಲಿಕ್ಕೆ ಆಗ್ತದಾ? ಅಕ್ಕ ತಂಗಿಯ ಕಾಲು, ಎಂತ ವ್ಯತ್ಯಾಸ?" ಎಂದರು ಅತ್ತೆ ಸೇವಂತಿ. ಅವರು ಹೇಳಿದ್ದಕ್ಕೆ ಎದುರಿಲ್ಲ.

ಬೆರಳುಗಳು ಒಂದರ ಮೇಲೊಂದು ಹತ್ತುವಷ್ಟು ಬಿಗಿ. ನೋಯುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಕ್ಕನ ಗಂಡನನ್ನೇ ತೆಗೆದುಕೊಂಡವಳು ಚಪ್ಪಲಿಗೆ ಅಳುವುದೇ? ನೋಯಲಿ, ನನಗೆ ಆಗಬೇಕಾದದ್ದೇ ಎಂದುಕೊಂಡು ಮೆಟ್ಟಿದೆ. ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಬಲಗಾಲಿನ ಹೆಬ್ಬೆರಳ ಬುಡ ಕೆಂಪಾಗಿ, ಉಬ್ಬಿ, ಅಡಿಕೆಯಷ್ಟು ದಪ್ಪವಾಯಿತು. ಬೆರಳು ವಾಲಿತು.

ಹೋಟೆಲಿಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ಬಿಡುವು, ಆಗ ಗಂಡ ಮನೆಯಲ್ಲಿರುತ್ತಿದ್ದರು. ಒಂದು ದಿನ ಮಾರ್ಕೆಟಿನಿಂದ ತರಕಾರಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಬಾಗಿಲು ತಾನಾಗಿ ತೆರೆಯಿತು. ನನ್ನ ಗಂಡ ಹೊಸ್ತಿಲಲ್ಲಿ ನಿಂತಿದ್ದರು, ಮುಖದಲ್ಲಿ ನಾನು ಎಂದೂ ಕಾಣದ ನಗು.

"ವಿನೂ," ಎಂದರು.

ನನ್ನನ್ನು ನೋಡಿದ ಮೇಲೆ ನಗು ಹೋಯಿತು. ಚೀಲ ತೆಗೆದುಕೊಂಡು ಒಳಗೆ ನಡೆದರು. ನಾನು ಅಲ್ಲೇ ನಿಂತು ಈಗ ಹತ್ತಿದ ಮೆಟ್ಟಿಲುಗಳನ್ನು ನೆನೆಸಿಕೊಂಡೆ. ಟಪ್, ಸರ್ರ್. ಟಪ್, ಸರ್ರ್. ಅಯ್ಯೋ ದೇವರೇ, ನಾನೇ ಹತ್ತಿ ಬಂದದ್ದು, ನನ್ನ ಕಿವಿಗೆ ಕೇಳಿದ್ದು ಅಕ್ಕ.

ಆಮೇಲೆ ಅದು ದಿನವೂ ನಡೆಯಿತು. ನಾನು ಹತ್ತುವಾಗ ಬಾಗಿಲು ತೆರೆಯುತ್ತಿತ್ತು, ನನ್ನನ್ನು ಕಂಡ ಮೇಲೆ ಅವರು ಕಣ್ಣು ಕೆಳಗೆ ಹಾಕುತ್ತಿದ್ದರು. ಅತ್ತೆಗೂ ಕೇಳಿಸಿತು. ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ನಮ್ಮವರು ಕುಲೆಗಳಿಗೆ, ಎಂದರೆ ಸತ್ತ ಮನೆಯವರಿಗೆ, ಬಡಿಸುತ್ತಾರೆ. ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಆ ಸಲ ಅಕ್ಕನಿಗೂ ಒಂದು ಎಲೆ. ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ನಿಂತಾಗ ನಾನು ಭಾರ ಬದಲಿಸಿ ಬಲಗಾಲನ್ನು ಸ್ವಲ್ಪ ಎಳೆದೆ. ಸರ್ರ್ ಎಂದಿತು. ಅತ್ತೆ ನನ್ನ ಕಾಲನ್ನೇ ನೋಡುತ್ತಾ ಹೇಳಿದರು:

"ಒಳಗೆ ಬಡಿಸಿ ಎಂತ ಪ್ರಯೋಜನ? ಅವಳು ಒಳಗೆ ಯಾಕೆ ಬರ್ತಾಳೆ, ನಿನ್ನ ಕಾಲಲ್ಲೇ ಇದ್ದಾಳಲ್ಲ."

ಅಂದಿನಿಂದ ನನಗೆ ನನ್ನ ಕಾಲೆಂದರೆ ಹೆದರಿಕೆ. ಸ್ನಾನ ಮಾಡುವಾಗ ಆ ಎಲುಬನ್ನು ಮುಟ್ಟುತ್ತಿರಲಿಲ್ಲ. ಇವತ್ತು ಕಾಲು, ನಾಳೆ ಕೈ, ಕೊನೆಗೆ ವಾರಿಜಾ ಎಂಬವಳೇ ಉಳಿಯುವುದಿಲ್ಲ ಎಂದು ಅನಿಸುತ್ತಿತ್ತು. ಗಂಡ ನನ್ನ ಹೆಸರು ಹಿಡಿದು ಕರೆದದ್ದು ಎಷ್ಟು ದಿನದ ಹಿಂದೆ ಎಂದು ಯೋಚಿಸಿದರೆ ನೆನಪೇ ಆಗುತ್ತಿರಲಿಲ್ಲ.

ನೋವು ತಡೆಯಲಾರದೆ ಧರ್ಮಾಸ್ಪತ್ರೆಗೆ ಹೋದೆ. ಅಲ್ಲಿ ಎಳೆಯ ಡಾಕ್ಟರೊಬ್ಬ ನೋಡಿದವನೇ ಎಲುಬು ಕತ್ತರಿಸಬೇಕು, ಎರಡು ತಿಂಗಳು ಪ್ಲಾಸ್ಟರು ಎಂದ. ನನಗೆ ಅಳು ಬಂತು. ಪಕ್ಕದ ಮೇಜಿನ ಮುದುಕ ಡಾಕ್ಟರು ಎದ್ದು ಬಂದು ಕಾಲು ನೋಡಿ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಅಮ್ಮನಿಗೂ ಸ್ವಲ್ಪ ಇದೆ, ಅಕ್ಕನಿಗೆ ತುಂಬಾ ಇತ್ತು ಎಂದೆ. "ಎಲುಬಿನ ಗುಣ ಮನೆಯದು. ಅದನ್ನು ಎಬ್ಬಿಸಿದ್ದು ಈ ಚಪ್ಪಲಿ. ಕತ್ತಿ ಇರಲಿ, ಮೊದಲು ಇದನ್ನು ಬಿಸಾಡು" ಎಂದರು. ಮುಂಗಾಲಿಗೆ ಅಗಲ ಬೇಕು, ಎಲುಬಿಗೆ ಮೆತ್ತನೆಯ ಗುಳಿ ಬೇಕು, ಪಾದದ ಕಮಾನಿನ ಕೆಳಗೆ ಆಧಾರ ಬೇಕು ಎಂದು ಚೀಟಿಯಲ್ಲಿ ಚಿತ್ರ ಬರೆದರು. ಆಮೇಲೆ ನನ್ನ ಚಪ್ಪಲಿಯನ್ನು ಮಗುಚಿ ನೋಡಿ, "ಹೊಲಿಗೆ ಚೆನ್ನಾಗಿದೆ, ಅಳತೆ ಕೆಟ್ಟದ್ದು. ಹೊಲಿದವನನ್ನೇ ಹಿಡಿ" ಎಂದರು.

ಹೊಲಿದವರು ಯಾರು ಎಂದು ಗಂಡನನ್ನು ಕೇಳಿದೆ. "ಸ್ಟೇಷನ್ ಬ್ರಿಜ್ಜಿನ ಕೆಳಗೆ ಗದಿಗೆಪ್ಪ" ಎಂದರು.

ಅಕ್ಕ ಹೋದ ಮೇಲೆ ನಾನು ಆ ಸ್ಟೇಷನ್ನಿಗೆ ಕಾಲಿಟ್ಟಿರಲಿಲ್ಲ. ತವರಿಗೆ ಹೋಗಬೇಕಾದರೂ ದಾದರಿಗೆ ಹೋಗಿ ಗಾಡಿ ಹತ್ತುತ್ತಿದ್ದೆ. ಅಂದು ಧೈರ್ಯ ಮಾಡಿ, ಕಟಕಟೆ ಹಿಡಿದುಕೊಂಡು ಬ್ರಿಜ್ಜು ಹತ್ತಿ ಆಚೆ ಇಳಿದೆ. ಅರ್ಧ ಇಳಿಯುವಷ್ಟರಲ್ಲಿ ಕೆಳಗೆ ಕಲ್ಲಿನ ಮೇಲೆ ಏನೋ ಬಿದ್ದ ಸದ್ದು. ಹೋಗಿ ನೋಡಿದರೆ ಐವತ್ತರ ಹತ್ತಿರದ ಒಬ್ಬ ಮನುಷ್ಯ, ಹೊಲಿಯುವ ಆರಿ ಕೆಳಗೆ ಬಿದ್ದಿದೆ, ಹೆಬ್ಬೆರಳಿನಿಂದ ರಕ್ತ. ಅವರು ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡಿದರು.

"ಯಾರ್ರಿ ನೀವು?"

"ಹೋಟೆಲ್ ಮ್ಯಾನೇಜರ್ ರಮಾನಾಥರ ಹೆಂಡತಿ. ಮೊದಲಿನವಳ ತಂಗಿ. ಈ ಚೀಟಿ ನೋಡಿ ಒಂದು ಜೊತೆ ಚಪ್ಪಲಿ ಮಾಡಿಕೊಡು."

"ಆ ಮನಿಗೆ ನಾ ಚಪ್ಲಿ ಮಾಡೂದಿಲ್ರಿ, ಅವ್ವಾರ. ಬ್ಯಾರೆ ಯಾರನರ ನೋಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಯಾಕೆ ಮಾಡೂದಿಲ್ಲ? ನೀನು ಮಾಡಿದ್ದನ್ನು ಹಾಕಿಯೇ ನನ್ನ ಕಾಲು ಹೀಗಾದದ್ದು! ನನ್ನ ಮನೆಯಲ್ಲಿ ನನ್ನನ್ನು ಸತ್ತವಳು ಅಂತ ಹೇಳ್ತಾರೆ, ಗೊತ್ತುಂಟಾ ನಿನಗೆ?"

ಅಷ್ಟರಲ್ಲಿ ಲೋಕಲ್ ಬಂತು. ತಗಡಿನ ಗೋಡೆ ನಡುಗಿತು. ಗೋಡೆಯ ಮೊಳೆಗೆ ತೂಗುಹಾಕಿದ್ದ ಒಂಟಿ ಚಪ್ಪಲಿ ತಗಡಿಗೆ ಟಕ್, ಟಕ್, ಟಕ್ ಎಂದು ಬಡಿಯತೊಡಗಿತು. ಕೆಂಪು ದಾರದ ಹೂವು. ನನ್ನ ಕಾಲಲ್ಲಿದ್ದಂಥದ್ದೇ, ಅಕ್ಕ ಕೊನೆಯ ದಿನ ಮೆಟ್ಟಿದ ಜೊತೆಯದು. ಗಾಡಿ ಹೋಗುವವರೆಗೂ ಅದು ಬಡಿಯುತ್ತಲೇ ಇತ್ತು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಗದಿಗೆಪ್ಪ ಬೆರಳಿಗೆ ಬಟ್ಟೆ ಸುತ್ತಿಕೊಂಡು, ನನ್ನ ಕಡೆ ನೋಡದೆ ಹೇಳಿದರು:

"ಎಲ್ಲಾ ಮುಗದು ಮಂದಿ ಹೋದ ಮ್ಯಾಲೆ ಇದು ಬ್ರಿಜ್ಜಿನ ಬುಡಕ್ಕ ಬಿದ್ದಿತ್ರಿ. ನನ್ನ ಹೊಲಿಗಿ ನನಗ ಗುರ್ತ ಸಿಗೂದಿಲ್ಲೇನ್ರಿ? ಮ್ಯಾನೇಜರ್ ಸಾಹೇಬ್ರು ಅಕ್ಕಾರ ಹಳೇ ಚಪ್ಲಿ ಪೇಪರಿನ್ಯಾಗ ಸುತ್ತಿ ತಂದು, ಇದ ಅಳತಿ, ಎರಡು ಜೋಡಿ ಅಂದ್ರು. ಆ ಹಳೇ ಚಪ್ಲಿ ಬಾಜೂಕ ಹೊಲಿಗಿ ಕಿತ್ತಿತ್ತು. ಎಲುಬು ಹೊರಗ ನೂಕೈತಿ ಅಂತ ಚಪ್ಲಿನ ಹೇಳತಿತ್ರಿ. ಕಾಲು ಒಮ್ಮೆ ನೋಡಬೇಕಾಗಿತ್ತು ಅನ್ನೂ ಮಾತು ನಾಲಿಗಿ ತುದಿಗೆ ಬಂದಿತ್ತು. ಅನಲಿಲ್ಲ. ಹಿಂದಕ ಒಂದು ಮನ್ಯಾಗ ಹಂಗಂದದ್ದಕ್ಕ, ನಮ್ಮ ಹೆಣಮಕ್ಕಳ ಕಾಲು ಮುಟ್ಟತಿಯೇನಲೇ ಅಂತ ಮೈಮ್ಯಾಲೆ ಬಂದಿದ್ರು. ಸುಮ್ಮಕ ಚಪ್ಲಿ ಅಳತಿಗೆ ಚಪ್ಲಿ ಹೊಲದುಕೊಟ್ಟೆ. ಅವತ್ತು ಅಕ್ಕಾರು ನನ್ನ ತಲಿಮ್ಯಾಲಿಂದ ಓಡಿದ್ದು ಕೇಳೇನ್ರಿ ನಾನು. ಕಾಲು ಎಳಕೊಂಡು ಓಡೂ ಸಪ್ಪಳ. ಆಮೇಲೆ ಗಾಡಿ. ಆಮೇಲೆ ಮಂದಿ ಚೀರಿದ್ದು."

ತಗಡು ಮತ್ತೆ ನಡುಗಿತು. ಆಚೆಯ ಗಾಡಿ. ಒಂಟಿ ಚಪ್ಪಲಿ ಬಡಿಯಿತು.

"ಇದನ್ನು ಯಾಕೆ ಇಲ್ಲಿ ತೂಗುಹಾಕಿದ್ದು? ತೆಗೆದು ಬಿಸಾಡ್ಲಿಕ್ಕಾಗಲಿಲ್ವಾ?"

"ಬಿಸಾಕಿದ್ರ ಮತ್ತ ಹಂಗ ಕಾಲು ನೋಡದ ಹೊಲದುಬಿಡ್ತೀನಿ ಅಂತ ಅಂಜಿಕಿರಿ."

ನಾನು ಚೀಟಿ ಚಾಚಿಯೇ ಇದ್ದೆ. ಅವರು ಕೊನೆಗೆ ತೆಗೆದುಕೊಂಡು, ತಲೆ ಎತ್ತಿ ಮೊದಲ ಸಲ ನನ್ನ ಮುಖ ನೋಡಿದರು. "ಮಾಡತೇನ್ರಿ. ಆದ್ರ ಕಾಲು ಕೊಡಬೇಕು. ಸಂಜಿಮುಂದ ಬರ್ರಿ. ಹಗಲೆಲ್ಲಾ ಭಾರ ಹೊತ್ತು ಬಾತಿರತೈತಿ, ಆಗ ಕಾಲು ಖರೇ ಹೇಳತೈತಿ. ಕುಂತು ಅಲ್ಲ, ನಿಂತು ಅಳತಿ ಕೊಡಬೇಕು. ನಾ ಕೈಲೇ ಮುಟ್ಟಬೇಕು. ಇಲ್ಲಾಂದ್ರ ಬ್ಯಾಡ್ರಿ."

ಸುಳ್ಳು ಯಾಕೆ ಹೇಳಲಿ? ನನಗೂ ಒಳಗೆ ಚುರುಕ್ಕೆಂದಿತು. ಪರಗಂಡಸು, ಅದರ ಮೇಲೆ ಚಪ್ಪಲಿ ಹೊಲಿಯುವವರು, ಜನ ಓಡಾಡುವ ಜಾಗ. ಮನೆಗೆ ಹೋಗಿ ಸಂಜೆಯವರೆಗೂ ಒದ್ದಾಡಿದೆ. ಮುಟ್ಟಬಾರದು ಎಂಬುದಕ್ಕೆ ಅಕ್ಕ ಹೋದಳು, ಈಗ ನಾನೂ ಹೋಗಬೇಕೇ ಎಂದು ಅನಿಸಿದ ಮೇಲೆ ಎದ್ದು ಹೊರಟೆ. ಗಲ್ಲಿಯ ಜನ ಕಣ್ಣು ಬಿಟ್ಟು ನೋಡುತ್ತಿರುವಾಗ, ಕಂದು ಕಾಗದದ ಮೇಲೆ ಬರಿಗಾಲಲ್ಲಿ ನಿಂತೆ. ಗದಿಗೆಪ್ಪ ಎರಡೂ ಕೈಯನ್ನು ಡಬ್ಬಿಯ ನೀರಿನಲ್ಲಿ ತೊಳೆದು, ಧೋತರಕ್ಕೆ ಒರೆಸಿಕೊಂಡು, ನನ್ನ ಪಾದ ಹಿಡಿದರು. ನಾನೇ ಮುಟ್ಟಲು ಹೆದರುತ್ತಿದ್ದ ಆ ಎಲುಬನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿ ನೋಡಿ ಹೇಳಿದರು:

"ಇದು ಅಕ್ಕಾರ ಕಾಲಲ್ರಿ. ಅವರ ಚಪ್ಲಿಯೊಳಗ ಎಲುಬಿನ ಗುಳಿ ನೋಡೇನಿ, ಇನ್ನೂ ಹಿಂದಕಿತ್ತು. ಇದು ನಿಮ್ಮದ ಕಾಲು."

ನಾನು ಬ್ರಿಜ್ಜಿನ ಕಂಬ ಹಿಡಿದುಕೊಂಡು ಗೊಳೋ ಎಂದು ಅತ್ತೆ. ನೋಡುವವರು ನೋಡಲಿ. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನದು ಎಂದು ಏನನ್ನೋ ತೋರಿಸಿಕೊಟ್ಟಿದ್ದರು. "ನೀವು ಯಾವಾಗ ಕೊಡ್ತೀರಿ?" ಎಂದು ಕೇಳಿದೆ. ನಾಲಿಗೆಗೆ ನೀವು ಬಂದದ್ದು ನನಗೇ ಆಮೇಲೆ ಗೊತ್ತಾಯಿತು.

ಹನ್ನೆರಡು ದಿನ ತೆಗೆದುಕೊಂಡರು. ಮುಂದೆ ಅಗಲ, ಬೆರಳು ಹರಡಿ ಕೂರುವಷ್ಟು. ಎಲುಬು ಬರುವಲ್ಲಿ ಮೇಕೆಯ ಮೆತ್ತನೆ ಚರ್ಮವನ್ನು ನೆನೆಸಿ, ಬಡಿದು ಗುಳಿ ಮಾಡಿದ್ದರು. ಪಾದದ ಕಮಾನಿನ ಕೆಳಗೆ ಚರ್ಮದ ಪದರ ಏರಿಸಿ, ಹಿಮ್ಮಡಿ ಜಾರದಂತೆ ಹಿಂದೆ ಪಟ್ಟಿ ಕೊಟ್ಟಿದ್ದರು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಇಡಲು ಹತ್ತಿಯ ಸಣ್ಣ ಸುರುಳಿ. ನೋಡಲು ಏನೇನೂ ಚಂದವಿಲ್ಲ. ಅತ್ತೆ, "ಇದೆಂತ, ದೋಣಿಯಾ?" ಎಂದರು. "ಹೌದು ಮಾಮಿ, ದಾಟ್ಲಿಕ್ಕೆ" ಎಂದೆ. ಅವರು ಮುಖ ಗಂಟು ಹಾಕಿಕೊಂಡರು.

"ಎಲುಬು ಒಳಗ ಹೋಗೂದಿಲ್ರಿ. ಸುಳ್ಳು ಆಸೆ ಹಚ್ಚೂದಿಲ್ಲ. ನೋವು ಹೋಗತೈತಿ, ಇದ್ದದ್ದು ಹೆಚ್ಚಾಗೂದಿಲ್ಲ, ನಡಿಗಿ ನೆಟ್ಟಗಾಗತೈತಿ" ಎಂದಿದ್ದರು ಗದಿಗೆಪ್ಪ. ಡಾಕ್ಟರು ಹೇಳಿದಂತೆ ದಿನಾ ಬಿಸಿನೀರಲ್ಲಿ ಕಾಲಿಟ್ಟು, ಬೆರಳನ್ನು ಕೈಯಿಂದ ನೆಟ್ಟಗೆ ಎಳೆಯುತ್ತಿದ್ದೆ. ವಾರಕ್ಕೊಮ್ಮೆ ಬ್ರಿಜ್ಜು ಹತ್ತಿ ಇಳಿಯಬೇಕು. ಅವರು ಕೆಳಗೆ ಕಣ್ಣು ಮುಚ್ಚಿ ಕೂತು ಕೇಳಿ, "ಇನ್ನೂ ಎಳೀತೀರಿ, ತರ್ರಿ ಇಲ್ಲೆ" ಎಂದು ಪದರ ಸರಿಮಾಡಿ ಕೊಡುತ್ತಿದ್ದರು. ಒಂದೂವರೆ ತಿಂಗಳಿಗೆ ಕೆಂಪು ಇಳಿಯಿತು.

ಆಗಲೇ ಒಂದು ಮಧ್ಯಾಹ್ನ ನೋಡುತ್ತೇನೆ, ಬಾಗಿಲ ಬಳಿ ಹೊಸ ಚಪ್ಪಲಿ ಇಲ್ಲ. ಅದರ ಜಾಗದಲ್ಲಿ ಕೆಂಪು ಹೂವಿನ ಹಳೆಯ ಜೊತೆ, ಒರೆಸಿ, ಜೋಡಿಸಿ ಇಟ್ಟಿದೆ. ಅತ್ತೆಯದೇ ಕೆಲಸ ಎಂದು ಹಾರಾಡಿದೆ. ಅವರು ದೇವರಾಣೆ ಹಾಕಿದರು. ಒಳಗೆ ಮಂಚದ ಮೇಲೆ ಕೂತಿದ್ದ ನನ್ನ ಗಂಡ, "ಅಮ್ಮನನ್ನು ಬೈಯಬೇಡ. ನಾನೇ ತೆಗೆದಿಟ್ಟದ್ದು" ಎಂದರು.

"ಯಾಕೆ? ನನ್ನ ಕಾಲು ಹೋದರೂ ಅಡ್ಡಿಯಿಲ್ವಾ ನಿಮಗೆ?"

ಅವರು ತಮ್ಮ ಅಂಗೈ ನೋಡುತ್ತಾ ಹೇಳಿದರು: "ನೀನು ಕೆಳಗಿನಿಂದ ಹತ್ತಿ ಬರುವಷ್ಟು ಹೊತ್ತು ಅವಳು ಬದುಕಿರ್ತಾಳೆ ಮಾರಾಯ್ತಿ. ಐವತ್ತೊಂದು ಮೆಟ್ಟಿಲು. ಬಾಗಿಲು ತೆಗೆದ ಮೇಲೆ ಇರೂದಿಲ್ಲ, ಅದು ನನಗೂ ಗೊತ್ತುಂಟು. ಆದರೆ ಐವತ್ತೊಂದು ಮೆಟ್ಟಿಲು ಇರ್ತಾಳೆ. ಆ ಚಪ್ಪಲಿಯನ್ನು ಪೇಪರಲ್ಲಿ ಸುತ್ತಿ ಅಳತೆಗೆ ಕೊಂಡುಹೋದದ್ದು ನಾನು. ಕಾಲು ನೋವು ಅಂತ ಅವಳು ಹೇಳಿದ್ದಳು. ಒಮ್ಮೆ ಕರಕೊಂಡು ಹೋಗ್ಲಿಕ್ಕೆ ನಾಚಿಕೆಯಾಯ್ತು ನನಗೆ."

ಈ ಮನುಷ್ಯ ಅಕ್ಕ ಸತ್ತಾಗ ಅತ್ತಿರಲಿಲ್ಲ ಎಂದು ಅಮ್ಮ ಹೇಳಿದ್ದು ನೆನಪಾಯಿತು. ನನಗೆ ಸಿಟ್ಟೂ ಇತ್ತು, ಕರುಳೂ ಹಿಂಡಿತು. ನಾನು ಕೆಂಪು ಹೂವಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೆ.

"ಬಾಗಿಲು ಹಾಕಿ ಒಳಗೆ ನಿಲ್ಲಿ. ಕೊನೆಯ ಸಲ. ಆಮೇಲೆ ನನ್ನದು ನನಗೆ ಕೊಡಬೇಕು," ಎಂದೆ.

ಬರಿಗಾಲಲ್ಲಿ ಕೆಳಗಿಳಿದು, ಮೊದಲ ಮೆಟ್ಟಿಲ ಹತ್ತಿರ ಅದನ್ನು ಮೆಟ್ಟಿದೆ. ಒಂದೂವರೆ ತಿಂಗಳು ಅಗಲಕ್ಕೆ ಒಗ್ಗಿದ ಕಾಲು ಒಳಗೆ ಹೋಗುವಾಗ ಕಣ್ಣಲ್ಲಿ ನೀರು ಬಂತು. ಹತ್ತಿದೆ. ಟಪ್, ಸರ್ರ್. ಟಪ್, ಸರ್ರ್. ಅವಸರ ಮಾಡಲಿಲ್ಲ. ಅಕ್ಕಾ, ಹೋಗು, ನನಗೆ ಜ್ವರ ಬಿಟ್ಟಿದೆ, ಇನ್ನು ಓಡಬೇಡ ಎಂದು ಮನಸ್ಸಿನಲ್ಲೇ ಹೇಳುತ್ತಾ ಹತ್ತಿದೆ. ಎರಡನೇ ಮಾಳಿಗೆಯ ತಿರುವಿನಲ್ಲಿ ನನ್ನ ಹಿಂದೆ ಯಾರೋ ನಿಂತಂತಾಯಿತು. ಮೊದಲಿನ ಹೆದರಿಕೆ ಆಗಲಿಲ್ಲ. ತಿರುಗಿ ನೋಡಲೂ ಇಲ್ಲ.

ಬಾಗಿಲ ಮುಂದೆ ಚಪ್ಪಲಿ ಬಿಟ್ಟೆ. ಬಾಗಿಲ ಕೆಳಗಿನ ಸಂದಿನಲ್ಲಿ ಅವರ ಎರಡು ಪಾದ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಸ್ವಲ್ಪವೇ ತೆರೆದು, ಒಂದು ಕೈ ನನ್ನ ದೋಣಿಯಂಥ ಚಪ್ಪಲಿಯನ್ನು ಹೊರಗಿಟ್ಟಿತು.

ಅಂದೇ ಸಂಜೆ ಹಳೆಯ ಜೊತೆಯನ್ನು ಗದಿಗೆಪ್ಪನವರಿಗೆ ಕೊಟ್ಟೆ. ಅವರು ಮೊಳೆಯಿಂದ ಒಂಟಿ ಚಪ್ಪಲಿ ಇಳಿಸಿದರು. ಮೂರನ್ನೂ ನೀರಲ್ಲಿ ನೆನೆಸಿ, ತಾವೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಎಲ್ಲೂ ಕತ್ತರಿಸಲಿಲ್ಲ. ಕತ್ತಲಾಗುವವರೆಗೆ ನಾನು ಹತ್ತಿರ ಕೂತಿದ್ದೆ. ಅಷ್ಟರಲ್ಲಿ ನಾಲ್ಕು ಲೋಕಲ್ ಹೋದವು, ತಗಡು ನಡುಗಿತು, ಬಡಿಯಲು ಏನೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಮಾರ್ಕೆಟಿನಿಂದ ಬಂದು ಮೆಟ್ಟಿಲು ಹತ್ತಿದೆ. ಟಪ್, ಟಪ್. ಬಾಗಿಲು ತೆರೆಯಲಿಲ್ಲ. ತಟ್ಟಿದೆ.

"ಯಾರು?" ಎಂದರು ಒಳಗಿನಿಂದ.

"ನಾನು."

"ನಾನು ಅಂದ್ರೆ ಯಾರು?"

"ವಾರಿಜಾ," ಎಂದೆ.

ಬಾಗಿಲು ತೆಗೆದವರು ನನ್ನನ್ನೂ ನನ್ನ ಕಾಲನ್ನೂ ನೋಡಿದರು. ಹೊಸ್ತಿಲ ಮೇಲೆ ಕೂತು, ಮಂಡಿಗೆ ಹಣೆ ಹಚ್ಚಿ, ಅಕ್ಕ ಹೋಗಿ ಐದು ವರ್ಷದ ಮೇಲೆ, ಮೊದಲ ಸಲ ಅತ್ತರು. ತರಕಾರಿ ಚೀಲ ಕೆಳಗಿಟ್ಟು ನಾನೂ ಪಕ್ಕದಲ್ಲಿ ಕೂತೆ. ಕಣ್ಣೊರೆಸಿಕೊಂಡು, "ಕಾಲು ನೋಯ್ತದಾ ವಾರಿಜಾ?" ಎಂದು ಕೇಳಿದರು. ಇಲ್ಲ ಎಂದೆ.

ಗದಿಗೆಪ್ಪ ಐವತ್ತೊಂಬತ್ತರಲ್ಲಿ ಎದೆ ಕಾಯಿಲೆಯಿಂದ ತೀರಿಕೊಂಡರು. ಅವರ ಹೆಂಡತಿ ಮಲ್ಲವ್ವ ಊರಿಗೆ ಹೋಗುವ ಮುಂಚೆ ಒಂದು ಮಡಿಚಿದ ಕಂದು ಕಾಗದ ತಂದುಕೊಟ್ಟಳು. ಪೆನ್ಸಿಲ್ಲಿನಲ್ಲಿ ಎಳೆದ ನನ್ನ ಬಲಪಾದ. ಆಮೇಲೆ ಎಲ್ಲಿ ಚಪ್ಪಲಿ ಮಾಡಿಸಿದರೂ ಆ ಕಾಗದ ಒಯ್ದು, ಅದರ ಮೇಲೆ ನಿಂತು ತೋರಿಸಿಯೇ ಮಾಡಿಸಿದ್ದೇನೆ. ಕಾಲು ಕತ್ತಿ ಕಾಣಲಿಲ್ಲ.

ಈಗಲೂ ಆಟಿಯಲ್ಲಿ ಕುಲೆಗಳಿಗೆ ಬಡಿಸುತ್ತೇನೆ. ಅತ್ತೆಗೊಂದು ಎಲೆ, ಗಂಡನಿಗೊಂದು, ಅಕ್ಕನಿಗೊಂದು. ಅಕ್ಕನ ಪಕ್ಕದಲ್ಲೇ ಇನ್ನೊಂದು. ಅತ್ತೆ ಇದ್ದಿದ್ದರೆ ಆ ಎಲೆಯನ್ನು ಎತ್ತಿ ಹೊರಗೆಸೆಯುತ್ತಿದ್ದರು. ಈಗ ಗದಿಗೆಪ್ಪನವರ ಜೊತೆಯಲ್ಲೇ ಕೂತು ಊಟ ಮಾಡಬೇಕು, ಬೇರೆ ದಾರಿಯಿಲ್ಲ. ಬಾಗಿಲು ಮುಚ್ಚಿ ಹೊರಗೆ ನಿಂತು ನಾನು ಕಿವಿಗೊಟ್ಟು ಕೇಳುತ್ತೇನೆ. ಒಳಗೆ ಯಾರೂ ಕಾಲು ಎಳೆಯುವುದಿಲ್ಲ.